ಒತ್ತಕ್ಷರದ ಜ್ವರ

ಯಾರ ಮನೆಗೆ ಹೋದರೂ ಅವರ ಟಿವಿಯ ಬೆನ್ನು ಮುಟ್ಟಿ ನೋಡುವ ಚಾಳಿ ನನಗಿದೆ. ಟಿವಿ ಸಿಗದಿದ್ದರೆ ಫ್ರಿಜ್ಜು, ಫ್ರಿಜ್ಜು ದೂರವಿದ್ದರೆ ಮಿಕ್ಸರು. ಅಂಗೈಯಿಂದಲ್ಲ, ಮಗುವಿನ ಹಣೆಗೆ ಕೈಯ ಹಿಂಬದಿ ಇಟ್ಟು ಜ್ವರ ನೋಡುತ್ತೇವಲ್ಲ, ಹಾಗೆ. ಮೊನ್ನೆ ವಾಶಿಯಲ್ಲಿ ಸತ್ಯನಾರಾಯಣ ಪೂಜೆಗೆ ಹೋದವಳು ಪ್ರಸಾದ ಕೈಯಲ್ಲಿರುವಾಗಲೇ ಅವರ ಇನ್ವರ್ಟರಿನ ಮೈ ಮುಟ್ಟಿ, "ಸ್ವಲ್ಪ ಬಿಸಿ ಉಂಟಲ್ಲ?" ಎಂದುಬಿಟ್ಟೆ. ಮನೆಯೊಡತಿ ಗಾಬರಿಯಾಗಿ ಗಂಡನನ್ನು ಕರೆದಳು. ಗಂಡ ಎಲೆಕ್ಟ್ರಿಶಿಯನ್ನನಿಗೆ ಫೋನು ಮಾಡಿದ. ನಾನು ಮೆಲ್ಲಗೆ ಚಪ್ಪಲಿ ಹುಡುಕಿಕೊಂಡು ಹೊರಬಿದ್ದೆ.

ಬಿಸಿಯ ವಿಷಯದಲ್ಲಿ ನನಗೆ ಸ್ವಲ್ಪ ಪಿತ್ರಾರ್ಜಿತ ಹಕ್ಕೂ ಇದೆ ಎನ್ನಿ. ನನ್ನ ಅಪ್ಪ ಕಲ್ಯಾಣದ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದರು. ಭಾನುವಾರ ನಾನು ಅಲ್ಲಿ ಬಟಾಟೆ ಚೀಲದ ಮೇಲೆ ಕೂತು ನೋಡುವುದು. ಅಪ್ಪ ಕಾವಲಿಗೆ ನೀರು ಚಿಮುಕಿಸಿ, ಕಣ್ಣು ಬೇರೆ ಕಡೆಗಿಟ್ಟು, ಕಿವಿ ಮಾತ್ರ ಅದಕ್ಕೆ ಕೊಡುತ್ತಿದ್ದರು. ಚುಂಯ್ ಎಂದು ಆರಿದರೆ ಹದ. ನೀರು ಮಣಿಮಣಿಯಾಗಿ ಕುಣಿದರೆ ಕಾವು ಹೆಚ್ಚಾಯಿತು, ಮೊದಲ ದೋಸೆ ಹೋಟೆಲಿನ ಕೆಲಸದವರಿಗೆ. ಆ ಸುಟ್ಟ ದೋಸೆ ಎಷ್ಟೋ ಸಲ ನನ್ನ ಪಾಲಿಗೆ ಬಂದದ್ದರಿಂದ, ಕಾವಲಿ ಯಾವಾಗಲೂ ಜಾಸ್ತಿ ಕಾಯಲಿ ಎಂದು ಹಾರೈಸುತ್ತಿದ್ದ ಏಕೈಕ ಗಿರಾಕಿ ನಾನೇ ಇರಬೇಕು.

ಆದರೆ ಯಂತ್ರಗಳ ಬೆನ್ನು ಸವರುವ ಚಾಳಿಗೆ ಅಪ್ಪನನ್ನು ಹೊಣೆ ಮಾಡಿದರೆ ಪಾಪ ಬಂದೀತು. ಅದು ಬಂದದ್ದು ನಮ್ಮ ಇವರಿಂದ ಮತ್ತು ಒಂದು ಕಂಪ್ಯೂಟರಿನಿಂದ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಡೊಂಬಿವಲಿ ಪೂರ್ವದಲ್ಲಿ ಮೂರನೇ ಮಾಳಿಗೆಯ ಮನೆ, ಪಶ್ಚಿಮಕ್ಕೊಂದು ಕಿಟಕಿ. ನಾನು ಕಲ್ಯಾಣದ ಕನ್ನಡ ಶಾಲೆಯಲ್ಲಿ ಕಲಿತವಳಾದ್ದರಿಂದ ಕನ್ನಡ ಟೈಪಿಂಗ್ ಕಲಿತು, ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಅಕ್ಷರ ಜೋಡಣೆಯ ಕೆಲಸ ಮಾಡುತ್ತಿದ್ದೆ. ಮದುವೆಯ ಕಾಗದ, ಶನಿಪೂಜೆಯ ಕರಪತ್ರ, ಯಕ್ಷಗಾನದ ಹ್ಯಾಂಡ್‌ಬಿಲ್ಲು. ಇವರು, ಅಂದರೆ ನನ್ನ ಗಂಡ ಸದಾನಂದ, ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಫಿಟ್ಟರ್. ದೊಡ್ಡ ದೊಡ್ಡ ಯಂತ್ರಗಳಿಗೆ ತಣ್ಣೀರು ಹರಿಸಿ ತಂಪಾಗಿಡುವ ಚಿಲ್ಲರುಗಳನ್ನು ಜೋಡಿಸುವ ಕಾರ್ಖಾನೆ. ಹತ್ತೊಂಬತ್ತು ವರ್ಷ ಅದೇ ಬೆಳಗಿನ ಲೋಕಲ್ ರೈಲುಗಾಡಿ, ಅದೇ ಡಬ್ಬಿ, ಅದೇ ಕಿಟಕಿಯ ಪಕ್ಕದ ಮೂವರು ಗೆಳೆಯರು. ಒಂದು ದಿನ ಹೋಗಿ ನೋಡಿದರೆ ಗೇಟಿಗೆ ಬೀಗ. ಆ ಎಸ್ಟೇಟಿನಲ್ಲಿ ಆಗ ಅದೇನೂ ಹೊಸತಲ್ಲ. ಆದರೆ ನಮ್ಮ ಬೀಗ ನಮಗೆ ಹೊಸತು.

ಕೆಲಸ ಹೋದ ಮೊದಲ ತಿಂಗಳು ಇವರು ಮನೆಯಲ್ಲಿ ಸರಿಯಿದ್ದುದನ್ನೆಲ್ಲ ರಿಪೇರಿ ಮಾಡಿದರು. ಗಡಿಯಾರ ಬಿಚ್ಚಿದರು, ನಳ್ಳಿ ಬಿಚ್ಚಿದರು, ಕುಕ್ಕರಿನ ಹಿಡಿ ಬಿಚ್ಚಿದರು. ಎರಡನೇ ತಿಂಗಳು ಬಿಚ್ಚಲು ಏನೂ ಉಳಿಯಲಿಲ್ಲ. ಆಗ ಸುಮ್ಮನೆ ಕೂರಲು ಶುರು ಮಾಡಿದರು. ಗಡ್ಡ ಬೆಳೆಯಿತು. ಬೆಳಗಿನ ಗಾಡಿಯ ಹೊತ್ತಿಗೆ ಎದ್ದು ಬಾಲ್ಕನಿಯಲ್ಲಿ ನಿಂತು, ಹಳಿಯ ಕಡೆಯಿಂದ ಸದ್ದು ಕೇಳಿ, ಮತ್ತೆ ಬಂದು ಮಲಗುವುದು. ನಮ್ಮ ಮನೆಯಲ್ಲಿ ಸಿಟ್ಟಿಗೆ ತುಳು, ಮಗಳ ಮುಂದೆ ಕನ್ನಡ ಎಂಬ ನಿಯಮವಿತ್ತು. ಮಗಳು ಅಶ್ವಿನಿ ಎರಡಕ್ಕೂ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಈಗ ಇವರದು ಯಾವ ಭಾಷೆಯೂ ಇಲ್ಲ. ಬೈದರಾದರೂ ಆಗುತ್ತಿತ್ತು ಅನ್ನಿಸುತ್ತಿತ್ತು.

ಹಾಗಿರುವಾಗ ಮೇ ತಿಂಗಳಲ್ಲಿ ನನ್ನ ಕಂಪ್ಯೂಟರು ಮಧ್ಯಾಹ್ನ ಎರಡು ಗಂಟೆಗೆ ಸ್ತಬ್ಧವಾಗತೊಡಗಿತು. ಅಂಗಡಿಯವನು ಬಂದು ನೋಡಿ, ಇದರ ಪ್ರೊಸೆಸರನ್ನು ಮುನ್ನೂರರ ವೇಗಕ್ಕೆ ಮಾಡಿದ್ದು, ಜೋಡಿಸಿಕೊಟ್ಟವರು ನಾನೂರೈವತ್ತಕ್ಕೆ ಓಡಿಸಿಟ್ಟಿದ್ದಾರೆ, ಅದಕ್ಕೇ ಕಾಯುತ್ತದೆ, ವೇಗ ಇಳಿಸಿಬಿಡಿ ಎಂದ. ಐದು ನಿಮಿಷದ ಕೆಲಸ. ನಾನು ಹೂಂ ಅನ್ನುವುದರೊಳಗೆ ಬಾಲ್ಕನಿಯಿಂದ ಇವರ ಸ್ವರ ಬಂತು. ಎಷ್ಟೋ ದಿನದ ಮೇಲೆ ಪೂರ್ತಿ ಒಂದು ವಾಕ್ಯ.

"ಓಡುವ ಕುದುರೆಯ ಕಾಲು ಕಟ್ಟುದು ಎಂತಕ್ಕೆ? ಬೆವರು ಒರೆಸಿದ್ರೆ ಸಾಕಲ್ಲ?"

"ಫ್ಯಾನ್ ಉಂಟಲ್ಲ ಅದಕ್ಕೆ," ಎಂದೆ.

"ಫ್ಯಾನ್ ಅಂದ್ರೆ ಗಾಳಿ ಮಾರಾಯ್ತಿ. ಈ ಸೆಕೆಯಲ್ಲಿ ಗಾಳಿಯೇ ಬಿಸಿ. ನೀರು ಬೇಕು, ನೀರು."

ಕರೆಂಟಿನ ಯಂತ್ರದೊಳಗೆ ನೀರು! ನಾನು ದೇವರಿಗೆ ಹರಕೆ ಹೊತ್ತೆ. ಆದರೆ ಮರುದಿನ ಬೆಳಿಗ್ಗೆ ಇವರು ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿ ಗಾಡಿ ಹತ್ತಿದ್ದನ್ನು ನೋಡಿ, ಕಂಪ್ಯೂಟರು ಮುಳುಗಿದರೂ ಮುಳುಗಲಿ ಎಂದು ಹರಕೆಯನ್ನು ವಾಪಸು ತೆಗೆದುಕೊಂಡೆ.

ವಾರವೆಲ್ಲ ಓಡಾಟ. ವಾಗ್ಳೆ ಎಸ್ಟೇಟಿನಲ್ಲಿ ಹಳೆಯ ಗೆಳೆಯನ ಲೇತಿನಲ್ಲಿ ಒಂದು ತಾಮ್ರದ ತುಂಡಿಗೆ ಒಳದಾರಿ ಕೊರೆಸಿ ತಂದರು. ಅದು ಪ್ರೊಸೆಸರಿನ ತಲೆಯ ಮೇಲೆ ಕೂರುವಂಥದ್ದು. ಠಾಣೆಯ ಮೀನಿನ ಅಂಗಡಿಯಿಂದ, ಅಂದರೆ ಗಾಜಿನ ತೊಟ್ಟಿಯ ಬಣ್ಣದ ಮೀನು ಮಾರುವ ಅಂಗಡಿಯಿಂದ, ಪುಟ್ಟ ಪಂಪು ಬಂತು. ಕಲ್ಯಾಣದ ಗುಜರಿಯಿಂದ ಯಾವುದೋ ಕಾರಿನ ಸಣ್ಣ ರೇಡಿಯೇಟರ್. ನೀರಿನ ತೊಟ್ಟಿಯಾಗಿ ನನ್ನ ಉಪ್ಪಿನಕಾಯಿಯ ಗಾಜಿನ ಭರಣಿ; ಎಷ್ಟು ತೊಳೆದರೂ ಯಂತ್ರದಿಂದ ಮಾವಿನಮಿಡಿಯ ವಾಸನೆ ಹೋಗಲಿಲ್ಲ. ಪೈಪು ಕೊಟ್ಟವನು ಮಲ್ಲಪ್ಪ. ಬಿಜಾಪುರದ ಕಡೆಯ ಗವಂಡಿ, ಘಣಸೋಲಿಯಲ್ಲಿ ವಾಸ. ನಮ್ಮ ಬಚ್ಚಲಿನ ಸೋರಿಕೆ ನಿಲ್ಲಿಸಿದಾಗಿನಿಂದ ಪರಿಚಯ. ಗೋಡೆಯ ಮಟ್ಟ ನೋಡಲು ಗವಂಡಿಗಳು ನೀರು ತುಂಬಿದ ಪಾರದರ್ಶಕ ಪೈಪು ಹಿಡಿಯುತ್ತಾರಲ್ಲ, ಅದರಲ್ಲೇ ನಾಲ್ಕು ಮಾರು ಕತ್ತರಿಸಿ ಕೊಟ್ಟ.

"ಅಕ್ಕಾರ, ಮನಿ ಕಟ್ಟಾಕ ನೀರ ಬೇಕು, ಖರೇ. ಬರಿಯಾಕೂ ನೀರ ಬೇಕೇನ್ರಿ?" ಎಂದು ಕೇಳಿದ.

ಎಲ್ಲ ಜೋಡಿಸಿದ ದಿನ ನಾವು ಮೂವರೂ ಒಬ್ಬರ ಹಿಂದೊಬ್ಬರು ನಿಂತೆವು. ಅಶ್ವಿನಿ "ಪಪ್ಪಾ, ಶಾಕ್ ಲಗೇಗಾ ಕ್ಯಾ?" ಎಂದು ನನ್ನ ಸೆರಗು ಹಿಡಿದಿದ್ದಳು. ಭರಣಿಯಿಂದ ಹೊರಟ ನೀರು ತಾಮ್ರದೊಳಗೆ ಹೊಕ್ಕು, ಅಲ್ಲಿಂದ ರೇಡಿಯೇಟರಿಗೆ ಬಂದು, ಅದರ ಮುಂದಿನ ಫ್ಯಾನಿನ ಗಾಳಿಗೆ ಆರಿ, ಮತ್ತೆ ಭರಣಿಗೆ. ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಉಷ್ಣತೆಯ ಅಂಕಿ: ನಲವತ್ತೆರಡು. ಹಿಂದೆ ಎಪ್ಪತ್ತು ಮುಟ್ಟುತ್ತಿದ್ದದ್ದು! ಇವರು ಕೂಡಲೇ ಅಶ್ವಿನಿಯ ಹಳೆಯ ನೋಟುಪುಸ್ತಕ ತೆಗೆದು, ಗೆರೆ ಎಳೆದು, ಗಂಟೆಗೊಮ್ಮೆ ಅಂಕಿ ಬರೆಯಲು ಕೂತರು.

ಆ ಸಂತೋಷ ನಾಲ್ಕು ದಿನ. ಐದನೇ ದಿನ ಯಕ್ಷಗಾನ ಮಂಡಳಿಯೊಂದರ ಸ್ಮರಣ ಸಂಚಿಕೆಯ ಕೆಲಸ ಬಂತು. ನೂರರವತ್ತು ಪುಟ, ಅಷ್ಟು ದೊಡ್ಡ ಕೆಲಸ ನನಗೆ ಅದೇ ಮೊದಲು, ಮನೆ ನಡೆಯುವುದೂ ಆಗ ನನ್ನ ಬೆರಳುಗಳ ಮೇಲೆಯೇ. ತಿಂಗಳ ಕೊನೆಯ ಶನಿವಾರ ಅಚ್ಚಿಗೆ ಹೋಗಲೇಬೇಕು. ನಾನು ಟೈಪು ಮಾಡಲು ಕೂತೆ. ಒಂದು ಗಂಟೆಗೆ ಐವತ್ತೈದು. ಎರಡು ಗಂಟೆಗೆ ಅರವತ್ತನಾಲ್ಕು. ಮೂರನೇ ಗಂಟೆಗೆ ಅರವತ್ತೊಂಬತ್ತು. ಪರದೆ ಸ್ತಬ್ಧ, ಎಂಟು ಪುಟ ಮಾಯ.

"ಹ್ವಾಯ್, ಬನ್ನಿ!" ಎಂದು ಕೂಗಿದೆ. ನಾನು ಟೈಪು ಮಾಡುವಾಗ ಕೋಣೆಯೊಳಗೆ ಯಾರೂ ಬರಬಾರದೆಂಬ ಕಾನೂನಿತ್ತಾದ್ದರಿಂದ ಇವರು ಸ್ಕ್ರೂಡ್ರೈವರ್ ಹಿಡಿದು ಹೊರಗೇ ಕಾಯುತ್ತಿದ್ದರು. ಡಾಕ್ಟರು ಬರುವ ಮೊದಲು ಮಗುವಿನ ಮೂಗು ಒರೆಸಿ ಅಂಗಿ ಬದಲಿಸುತ್ತೇವಲ್ಲ, ಹಾಗೆ ನಾನು ಮೇಜಿನ ಮೇಲಿನ ಸಾಮಾನನ್ನೆಲ್ಲ ತೆಗೆದು ಜಾಗ ಮಾಡಿಕೊಟ್ಟೆ.

ಅಲ್ಲಿಂದ ಶುರುವಾಯಿತು ನೋಡಿ ಇವರ ತನಿಖೆ. ಮೊದಲು ಪಂಪು: ಭರಣಿಯೊಳಗೆ ಗುರ್ರೆನ್ನುತ್ತಿದೆ, ಸರಿ. ನೀರಿನ ಮಟ್ಟ: ಎರಡು ಬೆರಳು ಇಳಿದಿತ್ತು, ತುಂಬಿಸಿದರು. ನಾನು ಮತ್ತೆ ಟೈಪಿಗೆ ಕೂತರೆ ಅಂಕಿ ಮೊದಲಿನ ಹಾಗೆಯೇ ಏರಿತು. ಮಲ್ಲಪ್ಪ ಬಂದು ಪೈಪಿಗೆ ಕಣ್ಣು ಹಚ್ಚಿ ಕೂತ. ಅವನಿಗೆ ಪ್ರೊಸೆಸರ್ ಎಂದರೇನೆಂದು ಗೊತ್ತಿಲ್ಲ; ನೀರು ಗೊತ್ತು.

"ಅಣ್ಣಾರ, ಗಾಳಿ ಕುಂತೈತ್ರಿ ಒಳಗ. ಲೆವೆಲ್ ಪೈಪಿನ್ಯಾಗ ಒಂದ ಗುಳ್ಳಿ ಇದ್ರ ಇಡೀ ಗ್ವಾಡಿ ಸೊಟ್ಟ ಬರತೈತಿ."

ಭರಣಿಯನ್ನು ಕಪಾಟಿನ ಮೇಲಕ್ಕೇರಿಸಿ, ಪೈಪು ಅಲ್ಲಾಡಿಸಿ, ರೇಡಿಯೇಟರನ್ನು ಮಗುವಿನ ಹಾಗೆ ಮಗುಚಿ ಬೆನ್ನು ತಟ್ಟಿದರು. ಗುಳುಗುಳು ಎಂದು ಗುಳ್ಳೆಗಳು ಹೊರಬಿದ್ದವು. ಅಂಕಿ ಮೂರು ಇಳಿಯಿತು. ಆದರೆ ಮರುದಿನ ನಾನು ಟೈಪಿಗೆ ಕೂತರೆ ಮತ್ತೆ ಸ್ತಬ್ಧ. ಮೂರನೇ ದಿನ ನೀರು ಹಸಿರಾಗಿದ್ದು ಕಂಡಿತು. ಕಿಟಕಿಯ ಬಿಸಿಲಿಗೆ ಪಾಚಿ. ಭರಣಿಗೆ ಕಪ್ಪು ಕಾಗದ ಸುತ್ತಿ, ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದರು. ಆಮೇಲೆ ತಾಮ್ರದ ತುಂಡನ್ನೆತ್ತಿ, ಅದರಡಿಯ ಬಿಳಿ ಪೇಸ್ಟನ್ನು ಒರೆಸಿ ಹೊಸತು ಹಚ್ಚಿದರು. ದೋಸೆಗೆ ಬೆಣ್ಣೆ ಸವರಿದ ಹಾಗೆ ನಾನು ದಪ್ಪಗೆ ಹಚ್ಚಲು ಹೋದದ್ದಕ್ಕೆ ಬೈಸಿಕೊಂಡೆ, ಅದೂ ತುಳುವಿನಲ್ಲಿ. ಎಷ್ಟು ಹಿತವಾಯಿತೆಂದರೆ ಇನ್ನೊಮ್ಮೆ ದಪ್ಪ ಹಚ್ಚೋಣ ಅನ್ನಿಸಿತು.

ಇವರೇ ಕೂತು ಪರೀಕ್ಷೆ ಮಾಡಿದಾಗ ಮಾತ್ರ ಯಂತ್ರ ಸಾಧುಪ್ರಾಣಿ. ಬೆಳಿಗ್ಗೆಯೂ ಹಾಗೆ, ಸುಡುಬಿಸಿಲಿನ ಮಧ್ಯಾಹ್ನವೂ ಹಾಗೆ. ಎರಡು ಗಂಟೆ ಇಂಗ್ಲಿಷಿನಲ್ಲಿ ಏನೇನೋ ಕುಟ್ಟಿದರು: ನಲವತ್ತನಾಲ್ಕು. ನಾನು ಕನ್ನಡ ಕುಟ್ಟಿದರೆ ಅರವತ್ತೆಂಟು. ಮೂರು ಸಲ ಇದೇ ಆಯಿತು. ನೋಟುಪುಸ್ತಕ ನನ್ನ ಮುಂದೆ ಬಿಡಿಸಿಟ್ಟು, ನ್ಯಾಯಾಧೀಶರ ಗಾಂಭೀರ್ಯದಿಂದ ಹೇಳಿದರು:

"ಒತ್ತಕ್ಷರದ್ದು ಸಮಸ್ಯೆ."

"ಎಂಥ?"

"ಇಂಗ್ಲಿಷ್ ಅಕ್ಷರ ಒಂದರ ಪಕ್ಕ ಒಂದು ನಿಲ್ತದೆ, ಅದಕ್ಕೆ ಕಷ್ಟ ಇಲ್ಲ. ಕನ್ನಡದ್ದು ಒಂದರ ಕಾಲಡಿ ಒಂದು. ಅದಕ್ಕೆ ಲೆಕ್ಕ ಹಾಕಿ ಹಾಕಿ ತಲೆ ಬಿಸಿಯಾಗ್ತದೆ. 'ಸ್ವಾತಂತ್ರ್ಯ' ಅಂತ ಬರೆದಿದ್ದಿಯಲ್ಲ ಇಲ್ಲಿ, 'ಬಿಡುಗಡೆ' ಅಂತ ಹಾಕ್ಲಿಕ್ಕೆ ಆಗುದಿಲ್ವಾ?"

"ಧೃತರಾಷ್ಟ್ರನನ್ನು ಎಂತ ಮಾಡುದು?"

ಇವರು ಒಂದು ಗಳಿಗೆ ಯೋಚಿಸಿದರು. "ಕುರುಡ ಅರಸ ಅಂತ ಹಾಕು."

ನಗು ತಡೆಯಲು ನಾನು ಅಡುಗೆಮನೆಗೆ ಓಡಬೇಕಾಯಿತು. ಆದರೆ ನಿಜ ಹೇಳುತ್ತೇನೆ, ಆ ಸಂಜೆ ಸ್ವಲ್ಪ ನಂಬಿಯೂಬಿಟ್ಟಿದ್ದೆ. ಅಧ್ಯಕ್ಷರ ಭಾಷಣದ ಎರಡು 'ಸಾಂಸ್ಕೃತಿಕ'ಗಳನ್ನು ಕಳ್ಳತನದಿಂದ ಕಿತ್ತುಹಾಕಿದೆ. ಸಂಚಿಕೆ ಓದಿದ ಯಾರಿಗೂ ಅದು ಗೊತ್ತಾಗಲಿಲ್ಲ.

ಆ ಕೊನೆಯ ವಾರದ ಬುಧವಾರ. ಇವರು ಇನ್ನೂ ದೊಡ್ಡ ಪಂಪು ನೋಡಲು ಠಾಣೆಗೆ ಹೋಗಿದ್ದರು. ನಾನು ಟೈಪು ಮಾಡುತ್ತಿದ್ದೆ, ಅಂಕಿ ಅರವತ್ತೇಳಕ್ಕೆ ಬಂದು ಮುಟ್ಟಿತ್ತು. ಆಗ ಯಾರೋ ಬಾಗಿಲು ತಟ್ಟಿದರು. ಮದುವೆ ಮುರಿದುಬಿದ್ದದ್ದರಿಂದ ಯಾರೂ ಒಯ್ಯದೆ ಬಿಟ್ಟ ಐನೂರು ಆಮಂತ್ರಣ ಪತ್ರಿಕೆಗಳ ಕಟ್ಟೊಂದು ನನ್ನಲ್ಲಿತ್ತು. ಬಂದವರು ಆ ಮದುವೆಯ ಹುಡುಗಿಯ ಸೋದರಮಾವ. ಮುರಿದ ಸಂಬಂಧ ಮತ್ತೆ ಕೂಡಿದೆ, ಒಂದು ಪ್ರತಿ ತೋರಿಸಿ, ತಾರೀಕು ಮಾತ್ರ ಬದಲಿಸಬಹುದೇ ನೋಡೋಣ ಎಂದರು. ಕಟ್ಟನ್ನೆತ್ತಿಕೊಂಡು ಹೋಗಿ ಅವರೊಡನೆ ಮಾತಾಡಿ, ಚಹಾ ಕೊಟ್ಟು ಕಳಿಸಿ, ಮರಳಿ ಬಂದು ಪರದೆ ನೋಡುತ್ತೇನೆ: ನಲವತ್ತಾರು.

ಕಟ್ಟು ಇನ್ನೂ ನನ್ನ ಕಂಕುಳಲ್ಲೇ ಇತ್ತು. ಅದು ಎಲ್ಲಿತ್ತು ಹೇಳಲೇ? ಫ್ಯಾನಿನ ಮುಂದೆ. ರೇಡಿಯೇಟರಿನ ಫ್ಯಾನು ಬೀಸುತ್ತಿದ್ದದ್ದು ಸೀದಾ ನನ್ನ ಮೇಜಿನ ಮೇಲೆ. ಪ್ರೂಫಿನ ಹಾಳೆಗಳು ಹಾರಿ ಮಂಚದಡಿ ಸೇರುತ್ತಿದ್ದವು. ಅದಕ್ಕೆ ಸಂಚಿಕೆಯ ಕೆಲಸಕ್ಕೆ ಕೂತ ಮೊದಲ ದಿನದಿಂದ ನಾನು ಆ ಕಟ್ಟನ್ನು ಫ್ಯಾನಿಗೆ ಅಡ್ಡ ಇಡುತ್ತಿದ್ದೆ. ಇವರು ಒಳಗೆ ಬರುವ ಮೊದಲು, ಮೂಗು ಒರೆಸುವ ಆ ನನ್ನ ಶಿಸ್ತಿನಲ್ಲಿ, ಎತ್ತಿ ತೆಗೆಯುತ್ತಿದ್ದೆ. ನೀರು ತಿರುಗುತ್ತಿತ್ತು, ಪಂಪು ದುಡಿಯುತ್ತಿತ್ತು. ನೀರಿನ ಬಿಸಿ ಹೊರಗೆ ಹೋಗುವ ಬಾಗಿಲಿಗೆ ಮಾತ್ರ ನಾನು ಕೂತು ಅಗುಳಿ ಹಾಕಿದ್ದೆ. ಒತ್ತಕ್ಷರ ಪಾಪ ನಿರಪರಾಧಿ.

ಇವರು ಬಂದ ಕೂಡಲೇ ಹೇಳಬೇಕೆಂದೇ ಬಾಗಿಲಿಗೆ ಹೋದೆ. ಎದುರಿಗೆ ಇವರು, ಹೊಸದಾಗಿ ಬೋಳಿಸಿದ ಗಲ್ಲ, ಅಂಗಿಯ ಕಿಸೆಯಲ್ಲಿ ನೋಟುಪುಸ್ತಕ. "ದೊಡ್ಡ ಪಂಪು ನಾಳೆ ಬರ್ತದೆ. ಗಾಡಿಯಲ್ಲಿ ನಮ್ಮ ಹಳೇ ಗ್ರೂಪು ಸಿಕ್ಕಿತ್ತು, ಇದರ ಕತೆ ಹೇಳಿದೆ. ಎಲ್ಲ ಬಾಯಿ ಬಿಟ್ಟುಕೊಂಡು ಕೇಳಿದ್ರು ಗೊತ್ತುಂಟಾ?" ಎಂದರು. ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಗುರುವಾರ ಇವರು ಹೊರಗೆ ಹೋದ ಕೂಡಲೇ ಕಟ್ಟು ತೆಗೆದು, ಹಾಳೆಗಳನ್ನು ಮೊಣಕೈಯಲ್ಲಿ ಒತ್ತಿಕೊಂಡು, ಸರಸರ ಹನ್ನೆರಡು ಪುಟ ಹೊಡೆದೆ. ಸಂಚಿಕೆಯೂ ಆಗಬೇಕು, ರೋಗವೂ ಉಳಿಯಬೇಕು! ಮೆಟ್ಟಿಲಲ್ಲಿ ಇವರ ಮತ್ತು ಮಲ್ಲಪ್ಪನ ಸ್ವರ ಕೇಳಿ ಗಡಿಬಿಡಿಯಿಂದ ಕಟ್ಟನ್ನು ಫ್ಯಾನಿನ ಮುಂದಿಟ್ಟೆ. ಈ ಸಲ ತೆಗೆಯುವುದು ಮರೆತೇಹೋಯಿತು. ಕಳ್ಳತನ ಅಭ್ಯಾಸವಿಲ್ಲದವರ ಗತಿ.

"ಎಷ್ಟು ಹೊತ್ತಾಯ್ತು ಶುರು ಮಾಡಿ?" ಇವರು ಕೇಳಿದರು.

"ಎರಡು ಗಂಟೆ."

"ಕನ್ನಡವಾ?"

"ಮತ್ತೆ? ಧೃತರಾಷ್ಟ್ರ ಇಲ್ಲೇ ಇದ್ದಾನೆ."

"ನಲವತ್ತೈದು ಉಂಟಲ್ಲ ಇದು!"

ಇವರು ಸ್ಟೂಲು ಎಳೆದು ಕೂತರು. ನಲವತ್ತೇಳು. ಐವತ್ತು. ಐವತ್ತಮೂರು. ನಾನು ಒಂದಕ್ಷರವೂ ಒತ್ತುತ್ತಿರಲಿಲ್ಲ. ಇವರು ಒಮ್ಮೆ ನನ್ನನ್ನು, ಒಮ್ಮೆ ಮೇಜನ್ನು ನೋಡಿ, ಕೈ ಚಾಚಿ ಕಟ್ಟನ್ನೆತ್ತಿದರು. ಅಂಕಿ ನಿಂತಿತು, ಇಳಿಯತೊಡಗಿತು. ಮತ್ತೆ ಇಟ್ಟರು. ಏರಿತು. ಮತ್ತೆ ಎತ್ತಿದರು.

"ರೋಗ ಸಿಕ್ತೇನ್ರಿ ಅಣ್ಣಾರ?" ಬಾಗಿಲಲ್ಲಿ ನಿಂತಿದ್ದ ಮಲ್ಲಪ್ಪ ಕೇಳಿದ.

"ಸಿಕ್ಕಿತು." ನನ್ನ ಕಡೆ ತಿರುಗಿ, "ನಿನಗೆ ಯಾವಾಗ ಗೊತ್ತಾಯಿತು?"

"ನಿನ್ನೆ."

"ಮತ್ತೆ ಯಾಕೆ ಹೇಳಲಿಲ್ಲ? ನನಗೆ ಆಡಲಿಕ್ಕೆ ಆಟಿಕೆ ಕೊಟ್ಟದ್ದಾ?"

ಅಷ್ಟು ಶುದ್ಧವಾದ ಕನ್ನಡ ಇವರ ಬಾಯಿಂದ ನಾನು ಹಿಂದೆ ಕೇಳಿರಲಿಲ್ಲ. ತುಳುವೂ ಇಲ್ಲ, ಮಾರಾಯ್ತಿಯೂ ಇಲ್ಲ. ಹೊಸ ಪಂಪಿನ ಡಬ್ಬಿಯನ್ನು ನೆಲದ ಮೇಲಿಟ್ಟು ಬಾಲ್ಕನಿಗೆ ಹೋದರು. ಮಲ್ಲಪ್ಪ ಚಪ್ಪಲಿ ಮೆಟ್ಟುತ್ತ, "ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ಗಾಳಿ ಕುಂತೈತಿ, ತಾನ ಹೊರಗ ಬರತೈತಿ," ಎಂದು ಹೇಳಿ ಇಳಿದುಹೋದ.

ಅಂದು ರಾತ್ರಿ ಇವರು ಬೇಗ ಉಂಡು ಎದ್ದರು. ಅಶ್ವಿನಿ ಇಬ್ಬರ ಮುಖವನ್ನೂ ನೋಡಿ, ಯಾವ ಭಾಷೆಯಲ್ಲೂ ಏನೂ ಹೇಳದೆ ತಟ್ಟೆ ತೊಳೆದಿಟ್ಟಳು.

ಶುಕ್ರವಾರ ಬೆಳಿಗ್ಗೆ ನಾನು ಮೇಜಿಗೆ ಕೂತೆ. ನಲವತ್ತು ಪುಟ ಬಾಕಿ. ಫ್ಯಾನು ಹಾಕಿದೊಡನೆ ಮೊದಲ ಹಾಳೆ ಹಾರಿತು. ಎದ್ದು ತರುವಷ್ಟರಲ್ಲಿ ಇವರು ಕಾನೂನು ಮುರಿದು ಒಳಗೆ ಬಂದು, ಅದನ್ನು ಹೆಕ್ಕಿ ಮೇಜಿನ ಮೇಲಿಟ್ಟು, ಎದುರಿನ ಸ್ಟೂಲಿನಲ್ಲಿ ಕೂತು, ಎರಡೂ ಅಂಗೈಗಳನ್ನು ಹಾಳೆಗಳ ಮೇಲೆ ಊರಿದರು.

"ಹೊಡಿ. ನಾನು ಹಿಡಿದುಕೊಳ್ತೇನೆ."

ಆರು ಗಂಟೆ ಹಾಗೇ ಕೂತರು. ಊಟಕ್ಕೆ ಒಮ್ಮೆ ಎದ್ದದ್ದು ಬಿಟ್ಟರೆ ಕೈ ತೆಗೆಯಲಿಲ್ಲ. ಮೂಗು ತುರಿಸಿದಾಗ ಮುಖ ಮುಂದೆ ಚಾಚಿದರು, ನಾನು ತುರಿಸಿದೆ. ಕಾರ್ಖಾನೆಯ ಯಂತ್ರಗಳ ಮೇಲಿನ ತಗಡಿನ ಬರಹವನ್ನು ಯಾವ ಕಡೆಯಿಂದಲೂ ಓದಿ ಅಭ್ಯಾಸವಿದ್ದವರಾದ್ದರಿಂದ, ತಲೆಕೆಳಗಾಗಿದ್ದ ಪ್ರೂಫನ್ನು ಓದಿ, "ಭೀಷ್ಮನಿಗೆ ಒತ್ತು ಬಿಟ್ಟಿದ್ದಿ," ಎಂದು ತಿದ್ದಿದರು. ಅಂಕಿ ನಲವತ್ತೈದರಿಂದ ಮೇಲೇಳಲಿಲ್ಲ. ಮಧ್ಯಾಹ್ನದ ಮೇಲೆ, ಅದನ್ನೇ ನೋಡುತ್ತ, "ಒತ್ತಕ್ಷರದ್ದು ತಪ್ಪಿಲ್ಲ," ಎಂದರು. ಇವರು ಕ್ಷಮೆ ಕೇಳುವುದಿದ್ದರೆ ಯಾವಾಗಲೂ ಹೀಗೆ ಮೂರನೆಯವರಲ್ಲೇ.

ನಾನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದೆ: "ನೀವು ಶೇವ್ ಮಾಡ್ಲಿಕ್ಕೆ ಶುರು ಮಾಡಿದ್ರಿ. ಅದಕ್ಕೆ ಹೇಳ್ಲಿಲ್ಲ."

ಇವರು ಗಲ್ಲ ಮುಟ್ಟಿಕೊಳ್ಳಲು ಕೈ ಎತ್ತಿದರು. ಎರಡು ಹಾಳೆ ಹಾರಿದವು. ಇಬ್ಬರೂ ಎದ್ದು ಮಂಚದಡಿ ತೂರಿ ಹುಡುಕಿದೆವು. ಅಲ್ಲಿ, ಆ ಇಕ್ಕಟ್ಟಿನಲ್ಲಿ, ಇವರು ನನ್ನನ್ನು ಮತ್ತೆ ತುಳುವಿನಲ್ಲಿ ಎರಡು ಮಾತು ಬೈದರು. ಬರೆಯುವಂಥ ಮಾತುಗಳಲ್ಲ.

ಸಂಚಿಕೆ ಶನಿವಾರ ಅಚ್ಚಿಗೆ ಹೋಯಿತು. ಮುಂದಿನ ವಾರ ಮಲ್ಲಪ್ಪ ಇವರನ್ನು ವಾಶಿಗೆ ಕರೆದುಕೊಂಡು ಹೋದ. ಅಲ್ಲಿನ ದೊಡ್ಡ ಮಾರ್ಕೆಟಿನಲ್ಲಿ ಅವನು ಗೋಡೆಗೆ ಗಿಲಾವು ಮಾಡುತ್ತಿದ್ದ ಹಣ್ಣಿನ ಶೀತಲಗೃಹವೊಂದಕ್ಕೆ ತಂಪು ಮಾಡುವ ಯಂತ್ರ ಬಲ್ಲವರು ಬೇಕಾಗಿತ್ತಂತೆ. "ನೀರ ಹ್ಯಾಂಗ ಹೋಗತೈತಿ ಅಂತ ಕೇಳ್ರಿ, ಗಾಳಿ ಹ್ಯಾಂಗ ಹೋಗತೈತಿ ಅಂತ ಕೇಳ್ರಿ, ಎರಡೂ ಗೊತ್ತೈತಿ ನಮ್ಮ ಅಣ್ಣಾರಿಗೆ," ಎಂದು ಅದರ ಯಜಮಾನ ಸೇಠನ ಮುಂದೆ ಇವರನ್ನು ನಿಲ್ಲಿಸಿ ಹೊಗಳಿದನಂತೆ. ಸೇಠ ಅರ್ಧ ದಿನ ಕೆಲಸ ನೋಡಿ, ಸೋಮವಾರದಿಂದ ಬನ್ನಿ ಎಂದ.

ಸೋಮವಾರ ಇವರು ಡಬ್ಬಿ ಹಿಡಿದು ವಾಶಿಯ ಬಸ್ಸಿಗೆ ಹೋದರು. ಅಶ್ವಿನಿ ಶಾಲೆಗೆ ಹೋದಳು. ನಾನು ಹೊಸ ಕೆಲಸವೊಂದನ್ನು ಮುಂದಿಟ್ಟುಕೊಂಡು ಕೂತೆ, ಫ್ಯಾನು ಹಾಕಿದೆ, ಹಾಳೆಗಳ ಮೇಲೆ ಅಡುಗೆಮನೆಯಿಂದ ಮಸಾಲೆ ಜಜ್ಜುವ ಗುಂಡುಕಲ್ಲು ತಂದಿಟ್ಟೆ. ಶುಕ್ರವಾರವೇ ಇದು ಯಾಕೆ ಹೊಳೆಯಲಿಲ್ಲವೋ, ಇಬ್ಬರಿಗೂ. ಕಲ್ಲು ಭದ್ರವಾಗಿ ಕೂತಿತು, ಇಡೀ ದಿನ ಒಂದು ಹಾಳೆಯೂ ಹಾರಲಿಲ್ಲ. ಎದುರಿನ ಸ್ಟೂಲು ಖಾಲಿ. ಕೆಲಸ ಮಾತ್ರ ಅರ್ಧಕ್ಕರ್ಧವೂ ಮುಗಿಯಲಿಲ್ಲ.